ನೆಲದ ಅಡಿಪಾಯ ಹುಡುಕಿದ ರಾಬರ್ಟ್ ಬ್ರೂಸ್ ಫೂಟ್

ಲಾಲ್‌ಬಾಗ್ ನೋಡದ ಬೆಂಗಳೂರಿಗರು ಇರಲಾರರು. ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಈ ತೋಟಕ್ಕೆ ಬಸವನಗುಡಿ, ಚಾಮರಾಜಪೇಟೆ ಕಡೆಯ ಮಕ್ಕಳು ರಜೆಯ ದಿನ ನಡೆದೇ ಬಂದುಬಿಡುತ್ತಾರೆ. ಗಾಜಿನ ಮನೆ, ಕೆರೆ, ಹೂವು ಎಲ್ಲ ನೋಡಿದ ಮೇಲೆ ಕಾಲು ಚಾಚಿ ಕುಳಿತುಕೊಳ್ಳುವ ಜಾಗ ಮಾತ್ರ ಆ ದೊಡ್ಡ ಬಂಡೆ. ಬಂಡೆಯ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವಿದೆ. ಹತ್ತಿರದಲ್ಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ನಿಲ್ಲಿಸಿದ ಒಂದು ಫಲಕವೂ ಇದೆ. ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದೂ ಇದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದೂ ಅದು ಹೇಳುತ್ತದೆ. ಕಡಲೆಕಾಯಿ ತಿನ್ನುತ್ತ ಕುಳಿತವರಲ್ಲಿ ಎಷ್ಟು ಜನ ಅದನ್ನು ಓದುತ್ತಾರೋ ಗೊತ್ತಿಲ್ಲ. ಒಮ್ಮೆ ನಾನು ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ಒಬ್ಬ ಹುಡುಗ ಫಲಕ ಓದಿ, ಇದನ್ನು ಎಣಿಸಿದವರು ಯಾರು ಸಾರ್ ಎಂದು ಕೇಳಿದ. ಆಗ ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ಸಿಕ್ಕ ಒಂದು ಜೀವನದ ಕಥೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ರಾಬರ್ಟ್ ಬ್ರೂಸ್ ಫೂಟ್ ಎಂಬ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿರುತ್ತಾರೆ. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯ ಇದ್ದನೆಂದು ಮೊದಲು ತೋರಿಸಿಕೊಟ್ಟವರು ಅವರೇ. ಪಠ್ಯಪುಸ್ತಕಗಳು ಅಷ್ಟಕ್ಕೇ ನಿಲ್ಲುತ್ತವೆ. ಆದರೆ ಫೂಟ್ ಅವರ ಸಂಬಳದ ಕೆಲಸ ಅದಾಗಿರಲಿಲ್ಲ. ಅವರು ಭೂವಿಜ್ಞಾನಿ. ಕರ್ನಾಟಕದ ನೆಲದ ಕಲ್ಲುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಸಾಲಾಗಿ ಜೋಡಿಸಲು ಯತ್ನಿಸಿದವರು. ಧಾರವಾಡ ಎಂಬ ನಮ್ಮ ಊರಿನ ಹೆಸರು ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಸೇರಿದ್ದು ಅವರಿಂದ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ.

ಫೂಟ್ ಹುಟ್ಟಿದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ, 1834ರ ಸೆಪ್ಟೆಂಬರ್ 22ರಂದು. ಇಪ್ಪತ್ನಾಲ್ಕನೆಯ ವಯಸ್ಸಿಗೆ, ಅಂದರೆ 1858ರ ಕೊನೆಯಲ್ಲಿ, ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ ಮದರಾಸಿಗೆ ಬಂದರು. ಹಿಂದಿನ ವರ್ಷವಷ್ಟೇ 1857ರ ದಂಗೆ ನಡೆದು, ಆಡಳಿತ ಕಂಪನಿಯ ಕೈಯಿಂದ ರಾಣಿಯ ಕೈಗೆ ಹೋಗಿತ್ತು. ಸರ್ವೇಕ್ಷಣಾ ಇಲಾಖೆಯನ್ನು ಸ್ಥಾಪಿಸಿದ್ದೇನೂ ಜ್ಞಾನದ ಸೇವೆಗಾಗಿ ಅಲ್ಲ. ರೈಲಿಗೆ ಕಲ್ಲಿದ್ದಲು ಬೇಕಿತ್ತು, ಖಜಾನೆಗೆ ಚಿನ್ನ ಬೇಕಿತ್ತು. ಆ ಲೆಕ್ಕಾಚಾರದ ನೌಕರಿಯಲ್ಲಿದ್ದೂ ಕೆಲವರು ನೌಕರಿಗಿಂತ ಹೆಚ್ಚಿನದನ್ನು ಮಾಡಿದರು ಎಂಬುದನ್ನು ಒಪ್ಪಿಕೊಳ್ಳಬೇಕು. ಫೂಟ್ ಅವರು ಅಂಥವರಲ್ಲೊಬ್ಬರು.

ಆ ಕಾಲದ ಸರ್ವೇಕ್ಷಣೆ ಎಂದರೆ ಡೇರೆ, ಎತ್ತಿನ ಗಾಡಿ, ಕುದುರೆ, ಕೊನೆಗೆ ಕಾಲ್ನಡಿಗೆ. ಮಳೆಗಾಲ ಮುಗಿದ ಮೇಲೆ ಹೊರಟರೆ ಬೇಸಿಗೆ ಏರುವವರೆಗೆ ಊರಿಂದೂರಿಗೆ ತಿರುಗುವುದು, ಸಿಕ್ಕ ಬಂಡೆಯನ್ನೆಲ್ಲ ಸುತ್ತಿಗೆಯಿಂದ ಒಡೆದು ನೋಡುವುದು, ನಕ್ಷೆಯಲ್ಲಿ ಗುರುತು ಹಾಕುವುದು. ಹೆಸರಿನಲ್ಲೇ ಪಾದವಿದ್ದ ಈ ಮನುಷ್ಯ ಮೂವತ್ತಕ್ಕೂ ಹೆಚ್ಚು ವರ್ಷ ಹೀಗೆ ದಕ್ಷಿಣ ಭಾರತವನ್ನು ಸುತ್ತಿದರು.

ಶಿಲಾಯುಗದ ಪ್ರಸಂಗವನ್ನು ಇಲ್ಲೇ ಹೇಳಿಬಿಡುತ್ತೇನೆ. 1863ರ ಮೇ 30ರಂದು ಮದರಾಸಿನ ಹತ್ತಿರ ಪಲ್ಲಾವರಂ ಎಂಬಲ್ಲಿ, ಸೈನಿಕರು ಕವಾಯತು ಮಾಡುವ ಮೈದಾನದ ಬದಿಯ ಜಲ್ಲಿ ತೆಗೆದ ಗುಂಡಿಯಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಅದು ತಾನಾಗಿ ಒಡೆದ ಕಲ್ಲಲ್ಲ, ಮನುಷ್ಯನ ಕೈ ಚಕ್ಕೆ ಎಬ್ಬಿಸಿ ರೂಪ ಕೊಟ್ಟ ಕೈಗೊಡಲಿ ಎಂದು ಅವರಿಗೆ ಹೊಳೆಯಿತು. ಫ್ರಾನ್ಸಿನ ಸೋಮ್ ನದಿ ಕಣಿವೆಯಲ್ಲಿ ಇಂಥವು ಸಿಕ್ಕ ಸುದ್ದಿ ಕೆಲವೇ ವರ್ಷ ಮೊದಲು ಯುರೋಪಿನ ವಿದ್ವಾಂಸರಲ್ಲಿ ಗದ್ದಲ ಎಬ್ಬಿಸಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರ ಜೊತೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನಷ್ಟು ಆಯುಧಗಳು ಸಿಕ್ಕವು. ಆ ಜಾಗದ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷವೆಂದು 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಮನುಷ್ಯನ ಲೆಕ್ಕದಲ್ಲಿ ಇದು ಬಹಳ ಹಳೆಯದು. ಲಾಲ್‌ಬಾಗಿನ ಬಂಡೆಯ ಲೆಕ್ಕದಲ್ಲಿ ನಿನ್ನೆ ಸಂಜೆಯದು.

ಕರ್ನಾಟಕಕ್ಕೆ ಬರೋಣ. ಆಗ ದಕ್ಷಿಣ ಮರಾಠ ದೇಶ ಎಂದು ಕರೆಯುತ್ತಿದ್ದ ಪ್ರದೇಶದಲ್ಲಿ ನಮ್ಮ ಇಂದಿನ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಭಾಗಗಳು ಸೇರಿದ್ದವು. ಅಲ್ಲಿ ಮಾಡಿದ ಕೆಲಸದ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ಕಲಾದಗಿ ಸುತ್ತಮುತ್ತಲಿನ ಮರಳುಗಲ್ಲು, ಸುಣ್ಣಕಲ್ಲುಗಳ ಸಾಲಿಗೆ ಕಲಾದಗಿಯ ಹೆಸರನ್ನೇ ಇಟ್ಟರು. ಗೋಕಾಕ ಸೀಮೆಯಲ್ಲಿ ಒಂದು ಹಳ್ಳದ ದಂಡೆಯ ಮಣ್ಣಿನಲ್ಲಿ ಸಿಕ್ಕ ಘೇಂಡಾಮೃಗದ ಮೂಳೆಗಳನ್ನು ಪರಿಶೀಲಿಸಿ 1874ರಲ್ಲಿ ವರ್ಣಿಸಿದರು. ಬೆಳಗಾವಿ ಜಿಲ್ಲೆಯಲ್ಲಿ ಘೇಂಡಾಮೃಗಗಳು ಓಡಾಡುತ್ತಿದ್ದ ಕಾಲವಿತ್ತೆಂದು ಆಗ ತಿಳಿಯಿತು.

ಅದೇ 1874ರಲ್ಲಿ ಗದಗ ಸಮೀಪದ ಡಂಬಳದ ಗುಡ್ಡಗಳ ಚಿನ್ನದ ಕಲ್ಲುಗಳ ಬಗ್ಗೆಯೂ ಬರೆದರು. ಆ ಭಾಗದಲ್ಲಿ ಜಾಲಗಾರರು ಎಂಬ ಜನ ಹಳ್ಳದ ಮರಳನ್ನು ಮರದ ಹರಿವಾಣದಂಥದರಲ್ಲಿ ಜಾಲಿಸಿ ಹೊನ್ನಿನ ಕಣ ತೆಗೆಯುತ್ತಿದ್ದರು. ಮಳೆ ಬಂದು ಹಳ್ಳ ಹರಿದಾಗಲೆಲ್ಲ ಅವರಿಗೆ ಒಂದಿಷ್ಟು ಕೂಲಿ ಗಿಟ್ಟುತ್ತಿತ್ತು. ಆ ಹೊನ್ನು ಮೇಲಿನ ಯಾವ ಕಲ್ಲಿನಿಂದ ಕಳಚಿ ಬರುತ್ತದೆ ಎಂಬುದು ಸರ್ಕಾರದ ಪ್ರಶ್ನೆ. ಫೂಟ್ ಅವರನ್ನು ಕಾಡಿದ ಪ್ರಶ್ನೆ ಇನ್ನೂ ಆಳದ್ದು. ಹೊನ್ನಿರುವ ಆ ಹಸಿರು ಮಿಶ್ರಿತ ಕಪ್ಪು ಕಲ್ಲು ಒಂದು ಬಗೆ, ಸುತ್ತ ಎಲ್ಲೆಲ್ಲೂ ಹರಡಿಕೊಂಡಿರುವ ಬೂದು ಬಣ್ಣದ ಗಟ್ಟಿ ಕಲ್ಲು ಇನ್ನೊಂದು ಬಗೆ. ಇವೆರಡರಲ್ಲಿ ಹಿರಿಯದು ಯಾವುದು?

ಇಲ್ಲಿ ಎರಡು ಕಲ್ಲುಗಳ ಪರಿಚಯ ಮಾಡಿಕೊಳ್ಳಬೇಕು. ಬೂದು ಕಲ್ಲು ಎಂದರೆ ನಮ್ಮ ಲಾಲ್‌ಬಾಗಿನ ಬಂಡೆ, ಬಸವನಗುಡಿಯ ಬ್ಯೂಗಲ್ ರಾಕ್. ಇದರ ಹೆಸರು ನೈಸ್. ಬಿಳಿ ಮತ್ತು ಕಪ್ಪು ಪಟ್ಟೆಗಳು ಅಲೆ ಅಲೆಯಾಗಿ ಮಡಿಚಿಕೊಂಡಿರುವುದು ಇದರ ಗುರುತು. ಹಳೆ ಬೆಂಗಳೂರಿನ ಮನೆಗಳ ಚಪ್ಪಡಿ, ಕಂಬ, ಬೇಲಿಗೆ ನೆಟ್ಟ ಕಲ್ಲುಗೂಟ ಇವೆಲ್ಲ ಈ ಜಾತಿಯ ಕಲ್ಲೇ. ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತ ಚಪ್ಪಡಿ ಏಳಿಸುತ್ತಿದ್ದರು. ಇನ್ನೊಂದು ಷಿಸ್ಟ್ ಎಂಬ ಪದರುಗಲ್ಲು ಮತ್ತು ಅದರ ಬಳಗ. ಹಳೆಯ ಲಾವಾ, ಕೆಸರು, ಮರಳು, ಉರುಟು ಕಲ್ಲು, ಕಬ್ಬಿಣದ ಪಟ್ಟೆಕಲ್ಲು ಇವೆಲ್ಲ ಒತ್ತಡಕ್ಕೆ ಸಿಕ್ಕಿ ಹಾಳೆ ಹಾಳೆಯಾಗಿ ಮಾರ್ಪಟ್ಟ ಶಿಲೆಗಳು. ಕೋಲಾರದ ಚಿನ್ನ, ಸಂಡೂರಿನ ಕಬ್ಬಿಣ, ಚಿತ್ರದುರ್ಗದ ತಾಮ್ರ, ಬಾಬಾಬುಡನ್‌ಗಿರಿಯ ಅದಿರು ಎಲ್ಲ ಸಿಗುವುದು ಈ ಬಳಗದಲ್ಲಿ. ನಕ್ಷೆಯಲ್ಲಿ ನೋಡಿದರೆ ನೈಸಿನ ವಿಶಾಲ ಬಯಲಿನ ನಡುವೆ ಇವು ಉತ್ತರ ದಕ್ಷಿಣವಾಗಿ ಉದ್ದುದ್ದ ಪಟ್ಟಿಗಳಾಗಿ ಕಾಣುತ್ತವೆ.

ಫೂಟ್ ಅವರಿಗೆ ಮೊದಲು ಈ ಎಲ್ಲ ಕಲ್ಲುಗಳೂ ಒಂದೇ ಗುಂಪಿನಲ್ಲಿ ಬೆರೆತುಹೋಗಿದ್ದ ವಿದ್ಯೆ ದೊರೆತಿತ್ತು. ಬಳ್ಳಾರಿ, ಅನಂತಪುರ ಜಿಲ್ಲೆಗಳಲ್ಲಿ ತಿರುಗಾಡಿದ ಮೇಲೆ ಅವರು ಅದನ್ನು ಬಿಟ್ಟರು. 1886ರಲ್ಲಿ ಪದರುಗಲ್ಲಿನ ಪಟ್ಟಿಗಳನ್ನು ನೈಸಿನಿಂದ ಬೇರ್ಪಡಿಸಿ, ಅವಕ್ಕೆ ಧಾರವಾಡ ವ್ಯವಸ್ಥೆ ಎಂದು ಹೆಸರಿಟ್ಟರು. 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳನ್ನೆಲ್ಲ ಬಿರುಸಾಗಿ ಸುತ್ತಿ ಬಂದರು. ದಕ್ಷಿಣ ಭಾರತದ ಚಿನ್ನದ ಮುಖ್ಯ ನೆಲೆ ಈ ಧಾರವಾಡ ಶಿಲೆಗಳೇ ಎಂದು 1888 ಮತ್ತು 1889ರ ಲೇಖನಗಳಲ್ಲಿ ವಿವರಿಸಿದರು. ಚಿನ್ನ ಹುಡುಕುವವರಿಗೆ ಅದು ದಾರಿ ತೋರಿಸುವ ಮಾತು. ನೈಸಿನಲ್ಲಿ ಅಗೆದು ದುಡ್ಡು ಕಳೆದುಕೊಳ್ಳಬೇಡಿ, ಪಟ್ಟಿಗಳಲ್ಲಿ ಹುಡುಕಿ ಎಂಬುದು ಅದರ ಸಾರಾಂಶ.

ಹಿರಿತನದ ಪ್ರಶ್ನೆಗೂ ಅವರು ಉತ್ತರ ಕೊಟ್ಟರು. ಬೂದು ನೈಸೇ ಹಿರಿಯದು, ಅದೇ ಅಡಿಪಾಯ. ಅದು ತಣಿದು, ಮೇಲೆದ್ದು, ಮಳೆಗಾಳಿಗೆ ಸವೆದು ನೆಲವಾದ ಮೇಲೆ ಆ ನೆಲದ ಮೇಲೆ ಧಾರವಾಡದ ಪದರುಗಳು ಕೂತವು. ಆಮೇಲೆ ಎರಡೂ ಸೇರಿ ಮಡಿಕೆ ಬಿದ್ದವು. ಮೇಲಿನ ಭಾಗವೆಲ್ಲ ಸವೆದು ಹೋದ ಮೇಲೆ ಮಡಿಕೆಗಳ ತಗ್ಗಿನಲ್ಲಿ ಸಿಕ್ಕಿಕೊಂಡ ಪದರುಗಳು ಮಾತ್ರ ಪಟ್ಟಿಗಳಾಗಿ ಉಳಿದವು. ಇದು ಅವರ ತೀರ್ಮಾನ.

ವರ್ಷ ಎಣಿಸುವ ಯಾವ ಉಪಕರಣವೂ ಇಲ್ಲದೆ ಈ ತೀರ್ಮಾನಕ್ಕೆ ಬಂದದ್ದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಣ್ಣು ಮತ್ತು ತರ್ಕ, ಇವೆರಡೇ. ಒಂದು ಪದರಿನೊಳಗೆ ಉರುಟು ಕಲ್ಲುಗಳು ಹುದುಗಿದ್ದರೆ, ಆ ಉರುಟು ಕಲ್ಲು ಯಾವ ಬಂಡೆಯಿಂದ ಬಂತೋ ಆ ಬಂಡೆ ಪದರಿಗಿಂತ ಹಳೆಯದಾಗಿರಲೇಬೇಕು. ಉರುಟಾಗಲು ನದಿ ಬೇಕು, ನದಿ ಹರಿಯಲು ನೆಲ ಬೇಕು. ಈ ಬಗೆಯ ಯೋಚನೆ ಫೂಟ್ ಅವರಿಗೂ ಬಹಳ ಹಿಂದಿನದು. ಸುಮಾರು 1030ರಲ್ಲಿ ಅಲ್ ಬೀರೂನಿ ತಮ್ಮ ಹಿಂದೂಸ್ತಾನದ ಗ್ರಂಥದಲ್ಲಿ ಉತ್ತರದ ಬಯಲನ್ನು ಕುರಿತು ಹೀಗೆಯೇ ತರ್ಕಿಸಿದ್ದಾರೆ. ಬೆಟ್ಟದ ಬುಡದಲ್ಲಿ ದೊಡ್ಡ ಉರುಟು ಕಲ್ಲು, ದೂರ ಹೋದಂತೆ ಸಣ್ಣವು, ಸಮುದ್ರದ ಹತ್ತಿರ ಬರೀ ಮರಳು ಇರುವುದನ್ನು ಗಮನಿಸಿ, ಒಂದು ಕಾಲದಲ್ಲಿ ಅದೆಲ್ಲ ಸಮುದ್ರವಾಗಿದ್ದು ನದಿಗಳು ತಂದ ಮಣ್ಣಿನಿಂದ ತುಂಬಿಕೊಂಡಿತು ಎಂದು ಅವರು ಊಹಿಸಿದರು. ಫೂಟ್ ಅವರು ಅದನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಇಬ್ಬರೂ ಓದಿದ ಪುಸ್ತಕ ಒಂದೇ, ಕಾಲ ಕೆಳಗಿನ ನೆಲ.

ಬಳ್ಳಾರಿಯ ಸುತ್ತಾಟದಲ್ಲಿ ಅವರ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯನ್ನು ಬಿಡಲು ಮನಸ್ಸಿಲ್ಲ. ಕುಪ್ಪಗಲ್ಲು, ಸಂಗನಕಲ್ಲು ಕಡೆ ಹೊಸ ಶಿಲಾಯುಗದ ಜನ ಕಲ್ಲುಗೊಡಲಿ ತಯಾರಿಸುತ್ತಿದ್ದ ಜಾಗವನ್ನು ಅವರು ಗುರುತಿಸಿದರು. ಆ ಜಿಲ್ಲೆಯಲ್ಲಿ ಅಲ್ಲಲ್ಲಿ ಇರುವ ಬೂದಿ ದಿಬ್ಬಗಳನ್ನು ಜನ ರಾಕ್ಷಸರ ಚಿತಾಭಸ್ಮವೆಂದು ನಂಬಿದ್ದರು. ಕೆಲವು ವಿದ್ವಾಂಸರು ಬೇರೆ ಬೇರೆ ಊಹೆ ಮಾಡಿದ್ದರು. ಫೂಟ್ ಅವರು ಅದು ದನದ ಸಗಣಿ ಸುಟ್ಟ ಬೂದಿ, ಹಿಂದಿನ ದನಗಾಹಿಗಳ ಹಟ್ಟಿಗಳದ್ದು ಎಂದರು. 1950ರ ದಶಕದಲ್ಲಿ ನಡೆದ ಉತ್ಖನನ ಅದನ್ನೇ ಸಮರ್ಥಿಸಿತು.

ಸರ್ವೇಕ್ಷಣಾ ಇಲಾಖೆಯಿಂದ 1891ರಲ್ಲಿ ನಿವೃತ್ತರಾದ ಮೇಲೆ ಬರೋಡ ಸಂಸ್ಥಾನದ ಕಲ್ಲುಗಳನ್ನು ಪರಿಶೀಲಿಸಿದರು. ಅದು ಮುಗಿಯುವ ಹೊತ್ತಿಗೆ ಮೈಸೂರಿನಿಂದ ಕರೆ ಬಂತು. ಆಗ ಶೇಷಾದ್ರಿ ಅಯ್ಯರ್ ದಿವಾನರು. ಕೋಲಾರದ ಗಣಿಗಳಿಂದ ಸಂಸ್ಥಾನಕ್ಕೆ ಒಳ್ಳೆಯ ವರಮಾನ ಬರತೊಡಗಿತ್ತು. ಇನ್ನೂ ಎಲ್ಲೆಲ್ಲಿ ಏನೇನಿದೆ ಎಂದು ತಿಳಿಯಲು ಸಂಸ್ಥಾನದ್ದೇ ಒಂದು ಇಲಾಖೆ ಬೇಕೆನಿಸಿ 1894ರಲ್ಲಿ ಭೂವಿಜ್ಞಾನ ಇಲಾಖೆ ಆರಂಭವಾಯಿತು. ಅದನ್ನು ಕಟ್ಟಲು ಬಂದ ಫೂಟ್ ಅವರಿಗೆ ಆಗ ಅರವತ್ತು ವರ್ಷ. ಇಂದು ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲ ಅದೇ.

ಆ ಕಾಲದ ಬೆಂಗಳೂರನ್ನು ಕಲ್ಪಿಸಿಕೊಳ್ಳಿ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡು ಇನ್ನೂ ಎರಡೇ ವರ್ಷ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದ್ದು 1898ರ ಪ್ಲೇಗಿನ ಹೊತ್ತಿಗೆ. ಬ್ಯೂಗಲ್ ರಾಕ್ ಸುತ್ತ ಇಂದಿನ ಬೀದಿಗಳಿರಲಿಲ್ಲ. ಬಂಡೆ, ಕೆರೆ, ಹೊಲ. ಈ ಬಂಡೆಗಳ ಮೇಲೆ ಊರು ಬೆಳೆಯಲು ಹೊರಟಿದ್ದ ಹೊತ್ತಿನಲ್ಲೇ ಅವುಗಳ ಚರಿತ್ರೆ ಬರೆಯುವ ಕಚೇರಿಯೂ ಶುರುವಾಯಿತು.

ಆದರೆ ಆ ಚರಿತ್ರೆಗೆ ತಾರೀಖುಗಳೇ ಇರಲಿಲ್ಲ. 1897ರಲ್ಲಿ ಬ್ರಿಟನ್ನಿನ ಅತ್ಯಂತ ಹೆಸರಾಂತ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್, ಭೂಮಿ ಕಾದ ಉಂಡೆಯಂತೆ ತಣಿಯುತ್ತ ಬಂದಿದೆ ಎಂಬ ಲೆಕ್ಕದ ಮೇಲೆ, ಅದರ ವಯಸ್ಸು 2ರಿಂದ 4 ಕೋಟಿ ವರ್ಷ ಎಂದು ಹೇಳಿದರು. ಭೂವಿಜ್ಞಾನಿಗಳಿಗೆ ಅದು ಸಾಲದೆನಿಸಿತ್ತು. ಇಷ್ಟೊಂದು ಪದರು ಕೂತು, ಮಡಿಚಿ, ಸವೆಯಲು ಅಷ್ಟು ಸಮಯ ಎಲ್ಲಿಗೆ ಸಾಕು? ಆದರೆ ಗಣಿತದ ಎದುರು ವಾದಿಸುವುದು ಕಷ್ಟವಾಗಿತ್ತು. ಅದಕ್ಕೂ ಒಂದು ವರ್ಷ ಮೊದಲು, 1896ರಲ್ಲಿ, ಪ್ಯಾರಿಸಿನಲ್ಲಿ ಬೆಕೆರೆಲ್ ಅವರು ವಿಕಿರಣಶೀಲತೆಯನ್ನು ಕಂಡುಹಿಡಿದಿದ್ದರು. ಕಲ್ಲಿನೊಳಗೇ ಒಂದು ಗಡಿಯಾರವಿದೆ ಎಂಬುದಕ್ಕೆ ಅದು ಮೊದಲ ಸುಳಿವು. 1907ರಲ್ಲಿ ಬೋಲ್ಟ್‌ವುಡ್ ಎಂಬ ಅಮೆರಿಕದ ವಿಜ್ಞಾನಿ ಯುರೇನಿಯಂ ಇರುವ ಖನಿಜಗಳಲ್ಲಿ ಸೇರಿಕೊಂಡ ಸೀಸವನ್ನು ಅಳೆದು, ಕೆಲವಕ್ಕೆ ನೂರು ಕೋಟಿ ದಾಟಿದ ವಯಸ್ಸು ಹೇಳಿದಾಗ ಕೆಲ್ವಿನ್ ಅವರ ಲೆಕ್ಕ ಬಿದ್ದುಹೋಯಿತು.

ಅಷ್ಟರಲ್ಲಿ ಮೈಸೂರಿನಲ್ಲಿ ಫೂಟ್ ಅವರ ಲೆಕ್ಕವೂ ಬಿದ್ದುಹೋಗಿತ್ತು. 1898ರಲ್ಲಿ ಇಲಾಖೆಗೆ ಬಂದ ಡಬ್ಲ್ಯೂ. ಎಫ್. ಸ್ಮೀತ್ ಸಮರ್ಥರು, ಶ್ರಮಜೀವಿಗಳು. ಅವರೂ ಅವರ ಸಹಾಯಕರೂ ಸಂಸ್ಥಾನದ ಇಂಚಿಂಚನ್ನೂ ನಕ್ಷೆ ಮಾಡಿದರು. ನೈಸ್ ಮತ್ತು ಪದರುಗಲ್ಲು ಸೇರುವ ಅಂಚುಗಳಲ್ಲಿ ಅವರಿಗೆ ಕಂಡದ್ದೇ ಬೇರೆ. ನೈಸಿನ ಬಿಳಿ ಎಳೆಗಳು ಪದರುಗಲ್ಲಿನೊಳಕ್ಕೆ ನುಗ್ಗಿದ್ದವು. ಪದರುಗಲ್ಲಿನ ಚೂರುಗಳು ನೈಸಿನೊಳಗೆ ತೇಲುತ್ತಿದ್ದಂತೆ ಸಿಕ್ಕಿಕೊಂಡಿದ್ದವು. ಹೊಕ್ಕ ಕಲ್ಲಿಗಿಂತ, ಹೊಗಿಸಿಕೊಂಡ ಕಲ್ಲು ಹಳೆಯದು. ಆದ್ದರಿಂದ ಧಾರವಾಡವೇ ಹಿರಿಯದು, ನೈಸ್ ಕರಗಿದ ದ್ರವವಾಗಿ ಆಮೇಲೆ ಬಂದು ಅದನ್ನು ನುಂಗಿತು ಎಂದು ಸ್ಮೀತ್ ತೀರ್ಮಾನಿಸಿದರು. ಉರುಟು ಕಲ್ಲಿನ ಪದರುಗಳನ್ನೂ ಅವರು ನದಿಯ ಕೆಲಸವೆಂದು ಒಪ್ಪಲಿಲ್ಲ, ಒತ್ತಡದಲ್ಲಿ ನಜ್ಜುಗುಜ್ಜಾದ ಶಿಲೆ ಎಂದರು. 1916ರಲ್ಲಿ ಬಂದ ಅವರ ಹೊತ್ತಗೆ ಮೈಸೂರಿನ ಭೂಚರಿತ್ರೆಗೆ ಪ್ರಮಾಣ ಗ್ರಂಥವಾಯಿತು. ಲಾಲ್‌ಬಾಗಿನ ಫಲಕದ ಮೇಲಿರುವ ಪೆನಿನ್ಸುಲರ್ ನೈಸ್ ಎಂಬ ಹೆಸರು ಸ್ಮೀತ್ ಅವರು ಕೊಟ್ಟದ್ದು. ರಾಮನಗರದ ಬೆಟ್ಟಗಳ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರೂ ಅವರ ಕಾಲದ್ದೇ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನಿಸಿಕೊಂಡಿದ್ದ ಊರು ಆಮೇಲೆ ಬ್ಯಾರಿ ಕ್ಲೋಸ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಗಿ, ಈಗ ರಾಮನಗರವಾಗಿದೆ. ಊರಿನ ಹೆಸರು ಬದಲಾಗುತ್ತ ಬಂದರೂ ಕಲ್ಲಿನ ಹೆಸರು ಮಾತ್ರ ಬದಲಾಗಲಿಲ್ಲ.

ತಾವು ಸ್ಥಾಪಿಸಿದ ಇಲಾಖೆಯೇ ತಮ್ಮ ಮಾತನ್ನು ತಲೆಕೆಳಗು ಮಾಡುತ್ತಿದ್ದ ಆ ವರ್ಷಗಳಲ್ಲಿ ಫೂಟ್ ಅವರು ಸೇಲಂ ಹತ್ತಿರದ ಏರ್ಕಾಡಿನಲ್ಲಿ ನೆಲೆಸಿದ್ದರು. ಜೀವನವಿಡೀ ಆರಿಸಿ ತಂದಿದ್ದ ಶಿಲಾಯುಗದ ಆಯುಧ, ಮಡಕೆ ಚೂರುಗಳ ದೊಡ್ಡ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತು ಸಂಗ್ರಹಾಲಯಕ್ಕೆ ಕೊಂಡುಕೊಳ್ಳಲಾಯಿತು. ಪ್ರತಿಯೊಂದು ಚೂರೂ ಎಲ್ಲಿ ಸಿಕ್ಕಿತು ಎಂಬ ವಿವರದ ಪಟ್ಟಿ ಮಾಡುವುದರಲ್ಲಿ ಅವರು ಕೊನೆಯ ವರ್ಷಗಳನ್ನು ಕಳೆದರು. ಅದು ಅಚ್ಚಾಗಿ ಬರುವ ಮೊದಲೇ, 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತಮ್ಮ 78ನೆಯ ವಯಸ್ಸಿನಲ್ಲಿ ತೀರಿಕೊಂಡರು. ಏರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಪಟ್ಟಿ 1914 ಮತ್ತು 1916ರಲ್ಲಿ ಹೊರಬಂತು. ಎರಡನೆಯ ಸಂಪುಟ ಬಂದದ್ದೂ ಸ್ಮೀತ್ ಅವರ ಹೊತ್ತಗೆ ಬಂದದ್ದೂ ಒಂದೇ ವರ್ಷ.

ಮನುಷ್ಯನ ಬದುಕು ಅಲ್ಲಿಗೆ ಮುಗಿಯಿತು. ಅವರ ಪ್ರಶ್ನೆ ಮುಗಿಯಲಿಲ್ಲ. ಮೈಸೂರಿನವರೇ ಆದ ಬಿ. ರಾಮರಾವ್ ಅವರು 1930ರ ದಶಕದಲ್ಲಿ ಮತ್ತೆ ಪರೀಕ್ಷೆಗೆ ಕೈಹಾಕಿ, ಧಾರವಾಡದ ಹಲವು ಕಲ್ಲುಗಳು ನೀರಿನಲ್ಲೇ ಕೂತ ಪದರುಗಳೆಂದು ತೋರಿಸಿದರು. ಅಲ್ಲಿಗೆ ನದಿಗಳು ವಾಪಸು ಬಂದವು. ನದಿ ಬಂದ ಮೇಲೆ ಅದು ಹರಿದ ನೆಲ ಯಾವುದು ಎಂಬ ಪ್ರಶ್ನೆಯೂ ವಾಪಸು ಬಂತು. 1958ರಲ್ಲಿ ಬೆಂಗಳೂರಿನಲ್ಲಿ ಜಿಯೊಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾಯಿತು. ಬಿ. ಪಿ. ರಾಧಾಕೃಷ್ಣ ಅವರಂಥವರ ದುಡಿಮೆಯಿಂದ ಬೆಳೆದ ಆ ಸಂಘದ ಪತ್ರಿಕೆಯಲ್ಲಿ ಈ ಚರ್ಚೆ ಮುಂದೆ ಬಿರುಸಾಗಿಯೇ ನಡೆಯಿತು. ಹೊಸ ಸಂಗತಿ ಎಂದರೆ ಈಗ ಗಡಿಯಾರ ಕೈಗೆ ಸಿಕ್ಕಿತ್ತು. ಜಿರ್ಕಾನ್ ಎಂಬ ಮರಳಿನ ಕಣದಷ್ಟು ಸಣ್ಣ ಹರಳು ಹುಟ್ಟುವಾಗ ತನ್ನೊಳಗೆ ಸ್ವಲ್ಪ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗೇ ಇಡುತ್ತದೆ. ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತದೆ. ಆದ್ದರಿಂದ ಹರಳಿನಲ್ಲಿ ಎಷ್ಟು ಸೀಸ ತುಂಬಿದೆ ಎಂದು ಅಳೆದರೆ ಅದರ ವಯಸ್ಸು ಸಿಗುತ್ತದೆ. ನನ್ನ ವಿದ್ಯಾರ್ಥಿ ಲಾಲ್‌ಬಾಗಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದು. ಎಣಿಸಿದ್ದು ಒಬ್ಬರಲ್ಲ. ಎಣಿಸಲು ಬೇಕಾದ ಲೆಕ್ಕದ ಪುಸ್ತಕ ಕಲ್ಲಿನೊಳಗೇ ಇತ್ತು.

ಗಡಿಯಾರ ಏನು ಹೇಳಿತು? ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಮೊದಲ ಐವತ್ತು ಕೋಟಿ ವರ್ಷಗಳ ಹೇಡಿಯನ್ ಯುಗದ ಕಲ್ಲು ಎಲ್ಲಿಯೂ ಹೆಚ್ಚುಕಡಿಮೆ ಉಳಿದಿಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ 440 ಕೋಟಿ ವರ್ಷದ ಒಂಟಿ ಜಿರ್ಕಾನ್ ಹರಳುಗಳು, ಕೆನಡಾದಲ್ಲಿ 400 ಕೋಟಿ ವರ್ಷದ ನೈಸ್ ಸಿಕ್ಕಿವೆ. ಅಲ್ಲಿಂದ 250 ಕೋಟಿ ವರ್ಷದ ಹಿಂದಿನವರೆಗಿನದು ಆರ್ಕಿಯನ್ ಯುಗ. ಮೊದಲ ಭೂಖಂಡಗಳು ಗಟ್ಟಿಯಾಗಿ ನೆಲೆನಿಂತದ್ದು ಆಗ. ಅದಕ್ಕೆ ಮೊದಲು ಭೂಮಿಯ ಹೊರಚಿಪ್ಪು ಬಹುಮಟ್ಟಿಗೆ ಕಪ್ಪನೆಯ ಲಾವಾ ಕಲ್ಲು. ಅದು ಭಾರವಾದ್ದರಿಂದ ಮುಳುಗುತ್ತ, ಹೊಸದು ಬರುತ್ತ ಇತ್ತು. ಸಮುದ್ರದ ನೀರು ಹೀರಿಕೊಂಡ ಆ ಕಲ್ಲು ಆಳದಲ್ಲಿ ಮತ್ತೆ ಅರೆಬರೆ ಕರಗಿದಾಗ ಅದರಿಂದ ಹಗುರವಾದ, ಬಿಳಿಚಿದ ಗ್ರಾನೈಟ್ ಜಾತಿಯ ದ್ರವ ಬೇರ್ಪಟ್ಟಿತು. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಅದು ಮೇಲೆ ಕಟ್ಟಿಕೊಂಡಿತು. ಹಗುರವಾದ್ದರಿಂದ ಮತ್ತೆ ಮುಳುಗಲಿಲ್ಲ. ಅದೇ ಭೂಖಂಡದ ಮೊದಲ ತುಣುಕು. ಮುಂದೆ ಒತ್ತಡದಲ್ಲಿ ಪಟ್ಟೆಪಟ್ಟೆಯಾಗಿ ಅದು ನೈಸ್ ಆಯಿತು. ಲಾಲ್‌ಬಾಗಿನಲ್ಲಿ ನಾವು ಕುಳಿತುಕೊಳ್ಳುವುದು ಆ ಕೆನೆಯ ಮೇಲೆ. ಇಂಥ ಹಳೆಯ ತಿರುಳಿಗೆ ವಿಜ್ಞಾನಿಗಳು ಕ್ರೇಟಾನ್ ಎನ್ನುತ್ತಾರೆ. ನಮ್ಮದು ಧಾರವಾಡ ಕ್ರೇಟಾನ್. ಪ್ರಪಂಚದಲ್ಲಿ ಇಂಥವು ಹೆಚ್ಚಿಲ್ಲ.

ಕರ್ನಾಟಕದ ನೈಸುಗಳ ವಯಸ್ಸು 340 ಕೋಟಿಯಿಂದ 250 ಕೋಟಿ ವರ್ಷದವರೆಗೆ ಹರಡಿದೆ. ಹಾಸನ ಜಿಲ್ಲೆಯ ಗೊರೂರಿನ ಕಡೆಯವು ಬಹಳ ಹಳೆಯವು, ಸುಮಾರು 330 ಕೋಟಿ ವರ್ಷದವು. 1976ರ ಹೊತ್ತಿಗೆ ಸರ್ವೇಕ್ಷಣಾ ಇಲಾಖೆಯ ಸ್ವಾಮಿನಾಥ್, ರಾಮಕೃಷ್ಣನ್, ವಿಶ್ವನಾಥ ಅವರು ಇಡೀ ಜಗಳವನ್ನು ಬಿಡಿಸುವ ಒಂದು ಸೂತ್ರ ಮುಂದಿಟ್ಟರು. ಫೂಟ್ ಅವರು ಧಾರವಾಡ ಎಂದು ಒಂದೇ ಗುಂಪಾಗಿ ಕಂಡದ್ದರಲ್ಲಿ ಕಾಲದಲ್ಲಿ ಬಹಳ ದೂರವಿರುವ ಎರಡು ಗುಂಪುಗಳಿದ್ದವು. ಒಂದು ಹಳೆಯದು, ಚೂರುಚೂರಾಗಿ ನೈಸಿನೊಳಗೆ ಸಿಕ್ಕಿಕೊಂಡಿರುವಂಥದು. ಮೈಸೂರು ಜಿಲ್ಲೆಯ ಸರಗೂರಿನ ಹೆಸರು ಅದಕ್ಕಿದೆ. ಅದರ ಮರಳುಗಲ್ಲಿನಲ್ಲಿ ಸಿಕ್ಕ ಕೆಲವು ಜಿರ್ಕಾನ್ ಹರಳುಗಳಿಗೆ 350 ಕೋಟಿಗೂ ಮೀರಿದ ವಯಸ್ಸು. ಇನ್ನೊಂದು ದೊಡ್ಡದು, ಸುಮಾರು 290 ಕೋಟಿಯಿಂದ 250 ಕೋಟಿ ವರ್ಷದ್ದು. ಬಾಬಾಬುಡನ್‌ಗಿರಿ, ಶಿವಮೊಗ್ಗ, ಚಿತ್ರದುರ್ಗದ ಪಟ್ಟಿಗಳು ಇದರಲ್ಲಿ ಸೇರುತ್ತವೆ. ಇದು ನಿಜವಾಗಿಯೂ ಸವೆದ ನೈಸಿನ ನೆಲದ ಮೇಲೇ ಕೂತಿದೆ. ಅಂದರೆ ಚೂರುಗಳ ಮಟ್ಟಿಗೆ ಸ್ಮೀತ್ ಅವರು ಕಂಡದ್ದು ಸರಿ, ದೊಡ್ಡ ಪಟ್ಟಿಗಳ ಮಟ್ಟಿಗೆ ಫೂಟ್ ಅವರು ಕಂಡದ್ದು ಸರಿ. ಕೋಲಾರದ ಪಟ್ಟಿ ಇವೆರಡಕ್ಕೂ ಸುಲಭವಾಗಿ ಹೊಂದುವುದಿಲ್ಲ. ರಾಜ್ಯದ ಪೂರ್ವ ಭಾಗದ ಚರಿತ್ರೆ ಬೇರೆ, ಅಲ್ಲಿನ ಕಲ್ಲುಗಳು ಹೆಚ್ಚಾಗಿ 270ರಿಂದ 250 ಕೋಟಿ ವರ್ಷದವು. ಪೂರ್ವ, ಪಶ್ಚಿಮದ ಈ ಎರಡು ತುಣುಕುಗಳ ನಡುವೆ ಸುಮಾರು 252 ಕೋಟಿ ವರ್ಷದ ಹಿಂದೆ ಎದ್ದು ನಿಂತದ್ದೇ ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್, ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದದ್ದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅವುಗಳ ಸುತ್ತಲಿನ ಕಲ್ಲಿನ ಬಗೆಗಿನ ಚರ್ಚೆ ಮುಚ್ಚಿಲ್ಲ.

ಬಾಬಾಬುಡನ್ ಎಂಬ ಹೆಸರು ನಮಗೆಲ್ಲ ಗೊತ್ತಿರುವುದು ಸೂಫಿ ಸಂತರಿಂದ, ಅವರು ತಂದರೆಂಬ ಕಾಫಿ ಬೀಜಗಳಿಂದ. ಅದೇ ಹೆಸರಿನಲ್ಲಿ ಬಾಬಾಬುಡನ್ ಗ್ರೂಪ್ ಎಂಬ ಶಿಲಾಸಮೂಹ ಭೂವಿಜ್ಞಾನದ ಗ್ರಂಥಗಳಲ್ಲಿದೆ. ಆ ಬೆಟ್ಟದ ಮೇಲಿನ ಕಬ್ಬಿಣದ ಪಟ್ಟೆಕಲ್ಲು, ಗಾಳಿಯಲ್ಲಿ ಆಮ್ಲಜನಕವೇ ಇಲ್ಲದಿದ್ದ ಕಾಲದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಆದದ್ದು. ಭದ್ರಾವತಿಯ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಹೋಗುತ್ತಿದ್ದ ಅದಿರು ಅದೇ.

ಚಿಕ್ಕಮಗಳೂರಿನ ಹತ್ತಿರ ಆ ಬೆಟ್ಟಗಳ ಬುಡದಲ್ಲಿ ಕರ್ತಿಕೆರೆ ಎಂಬ ಊರಿದೆ. ಧಾರವಾಡದ ದೊಡ್ಡ ಗುಂಪಿನ ತೀರ ಕೆಳಗಿನ ಪದರು ಹೊರಗೆ ಕಾಣುವ ಜಾಗಗಳಲ್ಲಿ ಅದೂ ಒಂದು. ಕೆಳಗೆ 300 ಕೋಟಿ ವರ್ಷಕ್ಕೂ ಹಳೆಯ ನೈಸ್. ಅದರ ಮೇಲೆ ಬೆಣಚುಕಲ್ಲಿನ ಉರುಟು ಹರಳುಗಳು ತುಂಬಿದ ಒಂದು ಪದರು, ಆಗಿನ ನದಿ ಹೊತ್ತು ತಂದು ಬಿಟ್ಟುಹೋದದ್ದು. ಆ ನದಿಯ ದಡದಲ್ಲಿ ಹುಲ್ಲಿರಲಿಲ್ಲ, ನೀರಿನಲ್ಲಿ ಮೀನಿರಲಿಲ್ಲ. ಭೂವಿಜ್ಞಾನದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅಧ್ಯಾಪಕರು ಮೊದಲು ಕೆಳಗಿನ ಕಲ್ಲನ್ನು, ಆಮೇಲೆ ಮೇಲಿನ ಹರಳುಗಳನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಾರೆ.